ಕಡಲೆಕಾಯಿ ಕಿತ್ತು ಆಡಿದ ಮ್ಯಾಚು

ನಾನು ಮಾಡುತ್ತಿದ್ದ ಕೆಲಸ ಏನೆಂದು ನಮ್ಮ ಮಾವನವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಹಿಂದೂಪುರದಲ್ಲಿ ನಮ್ಮದು ನೇಯ್ಗೆಯ ಮನೆ. ಅವರು ಮಗ್ಗದ ಮುಂದೆ ಕೂತುಕೊಂಡೇ ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಸೊಸೆ ಕಾಲೇಜಲ್ಲಿ ಅವ್ಳೆ ಕಣಪ್ಪ. ಪಾಠ ಮಾಡಂಗಿಲ್ಲ, ಬೋರ್ಡ್ ಮೇಲೆ ಬರೆಯಂಗಿಲ್ಲ. ಬಿಸ್ಲಲ್ಲಿ ನಿಂತ್ಕಂಡು ಹುಡ್ಗೀರ್ನ ಓಡುಸ್ತಾಳೆ. ಅದ್ಕೂ ಸಂಬ್ಳ ಕೊಡ್ತಾರೆ." ಆ ದನಿಯಲ್ಲಿ ಹೆಮ್ಮೆ ಇತ್ತೋ ಅನುಮಾನ ಇತ್ತೋ ಎಂದು ನನ್ನ ಗಂಡನನ್ನು ಕೇಳಿದರೆ, ಎರಡೂ ಇತ್ತು ಎನ್ನುತ್ತಾರೆ.

ಕಾಗದದ ಮೇಲೆ ನಾನು ಫಿಸಿಕಲ್ ಡೈರೆಕ್ಟರ್. ಊರಿನವರ ಬಾಯಲ್ಲಿ ಪಿ.ಡಿ. ಮೇಡಂ. ನಿವೃತ್ತಿಯಾದ ಮೇಲೂ ತರಕಾರಿ ಅಂಗಡಿಯಲ್ಲಿ ಹಾಗೇ ಕರೆಯುತ್ತಾರೆ. ಈಗ ಹೊಸದಾಗಿ ಈ ಕೆಲಸಕ್ಕೆ ಸೇರಿದ ಮಕ್ಕಳು ಆಗಾಗ ಮನೆಗೆ ಬರುತ್ತಾರೆ. ವರ್ಗಾವಣೆ, ಬಡ್ತಿ, ಯಾರ ಹತ್ತಿರ ಹೋಗಬೇಕು, ಇಂಥವನ್ನೇ ಹೆಚ್ಚಾಗಿ ಕೇಳುತ್ತಾರೆ. ಅದರಲ್ಲಿ ನಾನು ದಡ್ಡಿ. ನನಗೆ ಗೊತ್ತಿರುವುದು ಮುಳ್ಳಿನ ವಿಷಯ, ಚೆಂಡಿನ ವಿಷಯ, ಆಮೇಲೆ ಹುಡುಗಿಯರ ವಿಷಯ. ಅದನ್ನೇ ಬರೆಯುತ್ತೇನೆ, ಬೇಕಾದರೆ ಓದಿಕೊಳ್ಳಲಿ.

ಮೊದಲು ಮುಳ್ಳು. ನಮ್ಮ ಸೀಮೆಯ ಮೈದಾನದಲ್ಲಿ ಹುಲ್ಲಿಗಿಂತ ನೆಗ್ಗಿಲು ಮುಳ್ಳೇ ಜಾಸ್ತಿ. ಬರಿಗಾಲಿಗೂ ಬಿಡದು, ಚೆಂಡಿಗೂ ಬಿಡದು. ಹಾಗಾಗಿ ಸಂಜೆ ಆಟಕ್ಕೆ ಮುಂಚೆ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಈ ಗೋಲಿನಿಂದ ಆ ಗೋಲಿನವರೆಗೆ ಬಗ್ಗಿ ಮುಳ್ಳು ಆರಿಸಿಕೊಂಡು ಹೋಗುವ ಪದ್ಧತಿ ಇಟ್ಟಿದ್ದೆ. ನಾನೂ ಆ ಸಾಲಿನಲ್ಲೇ ಇರುತ್ತಿದ್ದೆ. ಈಗಿನ ಪಿ.ಡಿ.ಗಳು ಮೊಬೈಲಿನಲ್ಲಿ ವಿಡಿಯೊ ನೋಡಿ ಬಗೆಬಗೆಯ ವಾರ್ಮಪ್ ಮಾಡಿಸುತ್ತಾರೆ, ಒಳ್ಳೆಯದೇ. ಆದರೆ ಒಂದು ಮಾತು. ಬಗ್ಗಿ ನಡೆಯುವಾಗ ಮಕ್ಕಳು ನಿಮ್ಮ ಮುಖ ನೋಡದೆ ಮಾತಾಡುತ್ತಾರೆ. ಎದುರು ಕೂರಿಸಿಕೊಂಡು ಕೇಳಿದರೆ ಬಾಯಿ ಬಿಡದ ಹುಡುಗಿ ಮುಳ್ಳು ಆರಿಸುತ್ತಾ ಎಲ್ಲ ಹೇಳುತ್ತಾಳೆ. ಯಾರು ಊಟ ಮಾಡಿಲ್ಲ, ಯಾರ ಮನೆಯಲ್ಲಿ ಜಗಳ, ಯಾರಿಗೆ ಹೊಟ್ಟೆನೋವು ಎಂಬುದೆಲ್ಲ ನನಗೆ ತಿಳಿಯುತ್ತಿದ್ದುದು ಆ ಸಾಲಿನಲ್ಲೇ.

ಮೇಲಧಿಕಾರಿಗಳ ವಿಷಯ ಬರೆಯದಿದ್ದರೆ ವೃತ್ತಿಯ ಕಥೆ ಅನ್ನಿಸುವುದಿಲ್ಲ. ನನ್ನ ಮೊದಲ ಪ್ರಿನ್ಸಿಪಾಲರು ಒಳ್ಳೆಯವರು. ಆದರೆ ಊಟವಾದ ಮೇಲೆ ಆಫೀಸಿನಲ್ಲೇ ಒಂದು ಕೋಳಿನಿದ್ದೆ ಮಾಡುವ ರೂಢಿ. ಅವರ ಕಿಟಕಿಗೂ ಮೈದಾನಕ್ಕೂ ನಡುವೆ ಒಂದು ಬೇವಿನಮರ ಅಷ್ಟೇ. ಹುಡುಗಿಯರಿಗೆ ಫುಟ್‌ಬಾಲ್ ಶುರುಮಾಡುತ್ತೇನೆ ಎಂದಾಗ ತಲೆ ಕೆರೆದುಕೊಂಡರು. "ಆಡ್ಸಮ್ಮಾ, ಬ್ಯಾಡ ಅನ್ನಲ್ಲ. ಸದ್ದು ಮಾತ್ರ ಆಗ್ಬಾರ್ದು," ಎಂದರು. ಸದ್ದಿಲ್ಲದೆ ಫುಟ್‌ಬಾಲ್ ಆಡಿಸುವುದು ಹೇಗೆ? ಹುಡುಗಿಯರೇ ದಾರಿ ಕಂಡುಕೊಂಡರು. ಒಂದು ಚಪ್ಪಾಳೆ ಅಂದರೆ ನನಗೆ ಕೊಡು, ಎರಡು ಅಂದರೆ ಹಿಂದೆ ಬಿಡು. ಬೇರೆ ಊರಿಗೆ ಆಡಲು ಹೋದಾಗ ಎದುರಾಳಿಗಳು ಕಂಗಾಲು. ಇವರು ಮಾತೇ ಆಡದೆ ಚೆಂಡು ದಾಟಿಸುತ್ತಾರಲ್ಲ, ಏನು ಮಂತ್ರ ಮಾಡಿದ್ದಾರೋ ಎಂದು. ಆ ಪ್ರಿನ್ಸಿಪಾಲರ ನಿದ್ದೆಗೆ ನಮ್ಮ ತಂಡ ಋಣಿ.

ಹಿಂದೂಪುರ, ಪೆನುಕೊಂಡ, ಮಡಕಶಿರಾ, ಕಲ್ಯಾಣದುರ್ಗ, ಹೀಗೆ ನಮ್ಮ ಸುತ್ತಿನ ಕೆಲವು ಕಾಲೇಜುಗಳ ಪಿ.ಡಿ.ಗಳೇ ಸೇರಿ ಹುಡುಗಿಯರಿಗೆ ಒಂದು ಲೀಗ್ ಕಟ್ಟಿಕೊಂಡಿದ್ದೆವು. ದಸರಾ ಕಳೆದ ಮೇಲೆ ಶುರು, ಕಾರ್ತಿಕದಲ್ಲಿ ಮುಕ್ತಾಯ. ಪ್ರತಿ ತಂಡವೂ ಉಳಿದೆಲ್ಲ ತಂಡಗಳ ಜೊತೆ ಆಡಬೇಕು, ಹೆಚ್ಚು ಪಾಯಿಂಟು ಪಡೆದವರಿಗೆ ಮರದ ಒಂದು ಶೀಲ್ಡು. ಕಲ್ಯಾಣದುರ್ಗದ ಪಿ.ಡಿ. ತಿಪ್ಪೇಸ್ವಾಮಿ ನನಗಿಂತ ಚಿಕ್ಕವರು, ನನ್ನನ್ನು ಅಕ್ಕಾ ಎನ್ನುತ್ತಿದ್ದರು. ಮ್ಯಾಚಿನ ದಿನ ಮಾತ್ರ ಮೇಡಂ. ಮೊದಲೆಲ್ಲ ಒಂದು ಮ್ಯಾಚು ಗೊತ್ತುಮಾಡಲು ಕಾರ್ಡು ಬರೆದು ಉತ್ತರಕ್ಕೆ ಕಾಯಬೇಕಿತ್ತು, ಕಡೆಕಡೆಗೆ ವಾಟ್ಸಾಪ್ ಗುಂಪು ಬಂತು. ಕೆಲಸ ಬೇಗ ಆಗುತ್ತದೆ, ಜಗಳವೂ ಬೇಗ ಆಗುತ್ತದೆ.

ನನ್ನ ಕೊನೆಯ ವರ್ಷಗಳ ತಂಡದಲ್ಲಿ ಪದ್ಮಾ ಎಂಬ ಹುಡುಗಿ ಇದ್ದಳು. ಅವಳ ಅಪ್ಪ ರೇಷ್ಮೆ ನೂಲಿಗೆ ಬಣ್ಣ ಹಾಕುವವರು, ಅಮ್ಮ ಮಗ್ಗದಲ್ಲಿ ಕೂರುವವರು. ಚಿಕ್ಕಂದಿನಿಂದ ಅಮ್ಮನ ಜೊತೆ ಮಗ್ಗ ತುಳಿದವಳು. ಬಲಗಾಲು, ಎಡಗಾಲು, ಒಂದಾದ ಮೇಲೊಂದು. ಹಾಗಾಗಿ ಅವಳಿಗೆ ಎರಡು ಕಾಲೂ ಒಂದೇ. ಬೇರೆಯವರು ಚೆಂಡನ್ನು ತಮ್ಮ ಒಳ್ಳೆ ಕಾಲಿಗೆ ತಂದುಕೊಳ್ಳುವಷ್ಟರಲ್ಲಿ ಇವಳು ಒದ್ದಾಗಿರುತ್ತಿತ್ತು.

ಪದ್ಮಾ ಸೇರಿದ ವರ್ಷವೇ ನಮ್ಮ ಮಾನ ಹೋದದ್ದು. ಕಾಲೇಜಿನವರು ಹತ್ತಿಯ ಬಿಳಿ ಬನಿಯನ್ನು ಕೊಟ್ಟಿದ್ದರು. ಕಲ್ಯಾಣದುರ್ಗದವರೂ ಬಿಳಿಯೇ ತೊಡುತ್ತಿದ್ದರು. ನಮ್ಮದಕ್ಕೆ ಬಣ್ಣ ಹಾಕಿಸಬೇಕು ಎಂದಾಗ ಪದ್ಮಾಳ ಅಪ್ಪ ಮೀಸೆ ನೀವಿಕೊಂಡರು. "ಮೇಡಂನೋರೇ, ಧರ್ಮಾವರದೋರೇ ಬಂದು ನಮ್ತಾವ ಬಣ್ಣ ಹಾಕುಸ್ಕಂಡು ಹೋಯ್ತಾರೆ. ಪಟ್ಟೆ ಸೀರೇಗೆ ಹಿಡ್ದಿದ್ದು ಬನೀನಿಗೆ ಹಿಡೀದೆ ಎಲ್ಲೋಯ್ತದೆ? ಕೊಡಿ ಇಲ್ಲಿ." ರೇಷ್ಮೆಯ ಬಣ್ಣ ಹತ್ತಿಗೆ ನಿಲ್ಲುವುದಿಲ್ಲ. ಹುಟ್ಟಿದಾಗಿನಿಂದ ರೇಷ್ಮೆ ಬಿಟ್ಟು ಇನ್ನೊಂದನ್ನು ಮುಟ್ಟದವರಿಗೆ ಅದು ಹೊಳೆಯಲೇ ಇಲ್ಲ. ನೇಯ್ಗೆಯ ಮನೆಯಲ್ಲಿ ಬಾಳಿದ ನನಗೂ ಹೊಳೆಯಲಿಲ್ಲ.

ಮ್ಯಾಚಿಗೆ ಇಳಿದಾಗ ಕುಂಕುಮದ ಬಣ್ಣದಲ್ಲಿ ನಮ್ಮ ಹುಡುಗಿಯರು ಎಷ್ಟು ಚೆನ್ನಾಗಿ ಕಂಡರೋ. ಬೆವರು ಬಂತು. ಮೇಲೆ ನಾಲ್ಕು ಹನಿ ಮಳೆಯೂ ಬಂತು. ಅರ್ಧ ಆಟಕ್ಕೆ ನಮ್ಮವರದು ತಿಳಿಗುಲಾಬಿ, ಮೈಗೆ ಮೈ ತಾಗಿಸಿ ಆಡಿದ ಕಲ್ಯಾಣದುರ್ಗದವರದೂ ತಿಳಿಗುಲಾಬಿ. ಪದ್ಮಾಳನ್ನು ಹಿಡಿದು ನಿಲ್ಲಿಸುವ ಕೆಲಸ ಯಶೋದಾ ಎಂಬ ಹುಡುಗಿಯದು. ಕುಂದುರ್ಪಿ ಕಡೆಯ ಹಳ್ಳಿಯವಳು, ಗಟ್ಟಿಗಿತ್ತಿ, ಅಂಟಿಕೊಂಡರೆ ಬಿಡದವಳು. ಅವಳಂತೂ ತಲೆಯಿಂದ ಕಾಲಿನವರೆಗೆ ಕೆಂಪು. ರೆಫರಿ ಆಟ ನಿಲ್ಲಿಸಿ, "ಅಮ್ಮಾ, ಯಾರು ಯಾವ ಕಡೆಯೋರು, ಕೈ ಎತ್ತಿ," ಎಂದರು. ತಿಪ್ಪೇಸ್ವಾಮಿ ನನ್ನ ಹತ್ತಿರ ಬಂದು, "ಮೇಡಂ, ಓಕುಳಿ ಅಂತ ಮೊದ್ಲೇ ಹೇಳಿದ್ರೆ ನಾವೂ ಬಿಂದಿಗೆ ತಂದಿರ್ತಿದ್ವಿ," ಎಂದರು. ಪದ್ಮಾಳ ಅಪ್ಪ ಬಹಳ ದಿನ ನನ್ನನ್ನು ಕಂಡರೆ ಬೀದಿ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಯಶೋದಾ ಮಾತ್ರ ಪದ್ಮಾಳ ನಂಬರು ತೆಗೆದುಕೊಂಡು, ನಿನ್ನ ಬಣ್ಣ ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ ಎಂದು ದಿನಾ ಮೆಸೇಜು ಹಾಕಿ ಪೀಡಿಸಿದಳಂತೆ. ಹಾಗೆ ಶುರುವಾಯಿತು ಅವರ ಸ್ನೇಹ. ಮೈದಾನದಲ್ಲಿ ಒಬ್ಬರ ಕಣಕಾಲು ಒಬ್ಬರು ಒದೆಯುವುದು, ಹೊರಗೆ ಬಂದು ಒಂದೇ ಬಾಟಲಿಯಲ್ಲಿ ನೀರು ಕುಡಿಯುವುದು.

ಪದ್ಮಾ ಕೊನೆಯ ವರ್ಷಕ್ಕೆ ಬಂದಾಗ ನಮ್ಮ ತಂಡದ ಕ್ಯಾಪ್ಟನ್ ಆಗಿದ್ದಳು. ಆ ಸೀಸನ್ನಿನ ಶುರುವಿನಲ್ಲಿ ಒಂದು ಸಂಜೆ, ಮುಳ್ಳು ಆರಿಸುವ ಸಾಲಿನಲ್ಲಿ ನನ್ನ ಪಕ್ಕ ಬಗ್ಗಿದ್ದವಳು ಮೆಲ್ಲಗೆ ಹೇಳಿದಳು: "ಮೇಡಂ, ನಂಗೆ ಮದ್ವೆ ಗೊತ್ತಾಯ್ತು. ಮಾಘದಲ್ಲಿ."

"ಹುಡ್ಗ?"

"ಪೆನುಕೊಂಡ ಹತ್ರ ಕಾರ್ ಫ್ಯಾಕ್ಟ್ರಿ ಐತಲ್ಲ, ಅಲ್ಲಿ ಅವ್ನೆ. ಒಳ್ಳೆಯೋನು ಮೇಡಂ. ನಂಗೂ ಇಷ್ಟನೇ."

"ಮತ್ಯಾಕೆ ದನಿ ಹಂಗೈತೆ?"

ಇನ್ನೆರಡು ಮುಳ್ಳು ಆರಿಸಿದಳು. "ಇದೇ ಕೊನೆ ಸೀಸನ್ನು ಅಂತ," ಎಂದಳು.

ನಾನು ದೊಡ್ಡವಳಂತೆ ಬುದ್ಧಿ ಹೇಳಲು ಹೋದೆ. ಮದುವೆಯಾದ ಮೇಲೂ ಆಡಬಹುದಮ್ಮಾ, ಈಗಿನ ಕಾಲದಲ್ಲಿ ಯಾರು ಬೇಡ ಅನ್ನುತ್ತಾರೆ ಎಂದೆ. ಅವಳು ನಕ್ಕಳು. "ಅವ್ರೇನು ಬ್ಯಾಡ ಅನ್ನಲ್ಲ ಮೇಡಂ. ಆದ್ರೆ ಎಲ್ಲಿ ಆಡ್ಲಿ? ಯಾರ ಜೊತೆ ಆಡ್ಲಿ?"

ಗಂಡುಹುಡುಗರಿಗಾದರೆ ಊರೂರಿಗೆ ಟೀಮು, ಭಾನುವಾರದ ಆಟ, ಜಾತ್ರೆಯ ಟೂರ್ನಮೆಂಟು. ನಮ್ಮ ಹುಡುಗಿಯರಿಗೆ ಕಾಲೇಜಿನ ಗೇಟು ದಾಟಿದರೆ ಆಟ ಮುಗಿಯಿತು. ಮದುವೆ ಆದರೂ ಮುಗಿಯಿತು, ಆಗದಿದ್ದರೂ ಮುಗಿಯಿತು. ಅಷ್ಟು ವರ್ಷ ಹುಡುಗಿಯರನ್ನು ಆಡಿಸಿದ ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಆ ಸೀಸನ್ನು ನಮ್ಮ ತಂಡ ಚೆನ್ನಾಗಿ ಆಡಿತು. ಕೊನೆಯ ಮ್ಯಾಚಿಗೆ ಬರುವಾಗ ನಾವೂ ಕಲ್ಯಾಣದುರ್ಗವೂ ಪಾಯಿಂಟಿನಲ್ಲಿ ಸಮ. ಶನಿವಾರ ಅವರ ಮೈದಾನದಲ್ಲಿ ಮ್ಯಾಚು. ಗೆದ್ದವರಿಗೆ ಶೀಲ್ಡು. ಸೋಮವಾರದಿಂದ ಪರೀಕ್ಷೆ, ಹಾಗಾಗಿ ಮುಂದೂಡುವ ಹಾಗಿರಲಿಲ್ಲ. ನಮ್ಮ ಕಾಲೇಜಿಗೆ ಆ ಶೀಲ್ಡು ಒಮ್ಮೆಯೂ ಬಂದಿರಲಿಲ್ಲ.

ಆ ವಾರದ ಶುರುವಿನಲ್ಲಿ ಮಳೆ ಬಂತು. ಬುಧವಾರ ಬೆಳಿಗ್ಗೆ ತಿಪ್ಪೇಸ್ವಾಮಿಯವರ ಫೋನು.

"ಅಕ್ಕಾ, ವಾಕೋವರ್ ತಗಂಬುಡಿ. ನಂತಾವ ಐದು ಜನ ಅವ್ರೆ ಅಷ್ಟೇ."

"ಉಳ್ದೋರು?"

"ಕಡ್ಲೆಕಾಯಿ ಕೀಳ್ತಾವ್ರೆ."

ಕಡಲೆಕಾಯಿ ಬೆಳೆಯುವ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಕಾಯಿ ಇರುವುದು ಮಣ್ಣಿನೊಳಗೆ. ಮಳೆ ಬಿದ್ದು ನೆಲ ಹದವಾಗಿದ್ದಾಗಲೇ ಗಿಡ ಕೀಳಬೇಕು. ಬಿಸಿಲಿಗೆ ನೆಲ ಮತ್ತೆ ಗಟ್ಟಿಯಾದರೆ ಗಿಡ ಕೈಗೆ ಬರುತ್ತದೆ, ಕಾಯಿ ಒಳಗೇ ಉಳಿಯುತ್ತದೆ. ಹಾಗಾಗಿ ಹದ ಬಂದಾಗ ಊರಿಗೆ ಊರೇ ಹೊಲದಲ್ಲಿ. ಎಲ್ಲರಿಗೂ ಒಟ್ಟಿಗೇ ಆಳು ಬೇಕು, ಆಳು ಎಲ್ಲಿಂದ ಬರಬೇಕು? ಅದಕ್ಕೆ ಮುಯ್ಯಿ ಆಳು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ದುಡ್ಡಿನ ಮಾತಿಲ್ಲ, ಮೈಯ ದುಡಿಮೆಯನ್ನು ಮೈಯ ದುಡಿಮೆಯಿಂದಲೇ ತೀರಿಸಬೇಕು. ಒಬ್ಬಳು ತಪ್ಪಿಸಿಕೊಂಡರೆ ಸರದಿಯೇ ಮುರಿಯುತ್ತದೆ.

ಲೀಗಿನ ದಿನ ಗೊತ್ತುಮಾಡಲು ಪಿ.ಡಿ.ಗಳೆಲ್ಲ ಸೇರುತ್ತಿದ್ದುದು ಹಿಂದೂಪುರದ ನಮ್ಮ ಮನೆಯಲ್ಲಿ. ಪಂಚಾಂಗ ನೋಡಿದ್ದೆವು, ಪರೀಕ್ಷೆ ನೋಡಿದ್ದೆವು, ಹಬ್ಬ ನೋಡಿದ್ದೆವು. ಕಡಲೆಕಾಯಿ ನೋಡಿರಲಿಲ್ಲ. ಆ ವರ್ಷ ಬಿತ್ತನೆ ತಡ, ಕೀಳುವುದೂ ತಡ. ಮಗ್ಗದ ಸದ್ದಿನಲ್ಲಿ ಕೂತು ದಿನ ಗೊತ್ತುಮಾಡಿದರೆ ಇನ್ನೇನಾಗುತ್ತದೆ? ಆಮೇಲಿನ ವರ್ಷದಿಂದ ಕಲ್ಯಾಣದುರ್ಗದ ಮ್ಯಾಚುಗಳ ದಿನವನ್ನು ಆ ಹುಡುಗಿಯರೇ ಮನೆಯಲ್ಲಿ ಕೇಳಿಕೊಂಡು ಬಂದು ಹೇಳುವ ಹಾಗಾಯಿತು. ನಾನು ಕಂಡ ಸುಧಾರಣೆಗಳಲ್ಲಿ ದೊಡ್ಡದು ಅದೇ.

ಸಂಜೆ ಮೈದಾನದಲ್ಲಿ ವಿಷಯ ಹೇಳಿದೆ. ವಾಕೋವರ್ ಅಂದರೆ ಆಡದೆಯೇ ಗೆಲುವು, ಶೀಲ್ಡು ನಮ್ಮದು. ಹುಡುಗಿಯರು ಕುಣಿದರು. ನನಗೂ ಒಳಗೊಳಗೇ ಖುಷಿ, ಸುಳ್ಳು ಯಾಕೆ ಹೇಳಲಿ. ಪದ್ಮಾ ಮಾತ್ರ ಬೂಟಿನ ದಾರ ಬಿಚ್ಚುತ್ತಾ ಕೂತಿದ್ದಳು.

"ಯಾಕಮ್ಮಾ?"

"ಶೀಲ್ಡು ಕಾಲೇಜಿಗೆ ಹೋಯ್ತದೆ ಮೇಡಂ. ಬೀರು ಮ್ಯಾಲೆ ಕೂತ್ಕಂತದೆ. ನಂಗೆ ಮ್ಯಾಚು ಬೇಕಿತ್ತು."

ಹುಡುಗಿಯರ ಕುಣಿತ ನಿಂತಿತು. ಗೋಲ್‌ಕೀಪರ್ ನಸೀಮಾ ಎಲ್ಲರ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿದಳು: "ಹಂಗಾದ್ರೆ ಇವ್ಳ ಕೊನೆ ಮ್ಯಾಚು ಆಗ್ಲೇ ಆಗೋಯ್ತಾ ಮೇಡಂ? ಪೆನುಕೊಂಡದ್ದಾ? ಅದ್ರಲ್ಲಿ ಕಾಲು ಉಳುಕಿ ಅರ್ಧಕ್ಕೇ ಆಚೆ ಕೂತಿದ್ಳಲ್ಲ."

ಪದ್ಮಾ ಫೋನು ತೆಗೆದು ಯಶೋದಾಳಿಗೆ ಮಾಡಿದಳು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು. ಆ ಕಡೆ ಏದುಸಿರು. "ನಾನೇನು ಬೇಕು ಅಂತ ಮಾಡ್ತಿದೀನಾ?" ಎಂದು ಯಶೋದಾ ರೇಗಿದಳು. ಅವಳನ್ನೂ ಸೇರಿ ಆ ಊರಿನ ಆರು ಆಟಗಾರ್ತಿಯರೂ ಒಂದೇ ಮುಯ್ಯಿ ಸರದಿಯಲ್ಲಿದ್ದರು. ಯಶೋದಾಳ ಅಜ್ಜಿಯ ಹೊಲವೇ ದೊಡ್ಡದು, ಅದು ಕೊನೆಗೆ. ಭಾನುವಾರಕ್ಕೆ ಮುಂಚೆ ಮುಗಿಯುವುದಿಲ್ಲ. "ನಮ್ಮಜ್ಜಿ ಹೊಲಕ್ಕೆ ನಾನೇ ಇಲ್ದಿದ್ರೆ ಹೆಂಗೇ?"

"ನಾವು ಬಂದ್ರೆ?" ಎಂದಳು ಪದ್ಮಾ.

"ಎಲ್ಲಿಗೆ?"

"ಹೊಲಕ್ಕೆ."

ಆ ಕಡೆಯಿಂದ ನಗು. "ನೀವು ನೇಯೋರು ಕಣೇ. ಕಡ್ಲೆಕಾಯಿ ಗಿಡದ ಮ್ಯಾಲೆ ಬಿಡ್ತದೋ ಕೆಳಗೆ ಬಿಡ್ತದೋ, ಅದಾದ್ರೂ ಗೊತ್ತಾ?"

ಪದ್ಮಾ ನಗಲಿಲ್ಲ. "ಕಲ್ತ್ಕಂತೀವಿ," ಎಂದಳು.

ಹುಡುಗಿಯರೆಲ್ಲ ನನ್ನ ಮುಖ ನೋಡಿದರು. ಕೈಗೆ ಬಂದ ಶೀಲ್ಡನ್ನು ಬಿಟ್ಟು, ಎದುರಾಳಿಯ ಹೊಲದಲ್ಲಿ ದುಡಿದು, ಅವರನ್ನು ಮೈದಾನಕ್ಕೆ ಕರೆತಂದು, ಅವರ ಕೈಲೇ ಸೋಲುವ ಅಪಾಯ. ಯಾರಿಗಾದರೂ ಹೇಳಿದರೆ ಹುಚ್ಚು ಅನ್ನುತ್ತಾರೆ. ನಾನು ಪದ್ಮಾಳನ್ನು ನೋಡಿದೆ. ಎಲ್ಲಿ ಆಡಲಿ, ಯಾರ ಜೊತೆ ಆಡಲಿ ಎಂದು ಕೇಳಿದಾಗ ಉತ್ತರ ಕೊಡಲಾಗಿರಲಿಲ್ಲ. ಈ ಒಂದು ಸಲಕ್ಕಾದರೂ ಉತ್ತರ ಸಿಕ್ಕಿತ್ತು.

ಆಗಿನ ಪ್ರಿನ್ಸಿಪಾಲರು ನಿದ್ದೆಯವರಲ್ಲ, ಕಾನೂನಿನವರು. "ಏನ್ರೀ ಮೇಡಂ, ಕಾಲೇಜು ಹುಡ್ಗೀರ್ನ ಹೊಲದ ಕೆಲ್ಸಕ್ಕೆ ಕರ್ಕಂಡು ಹೋಯ್ತೀರಾ? ನಾಳೆ ಪೇರೆಂಟ್ಸ್ ಬಂದು ಕೇಳಿದ್ರೆ?" ಎಂದರು. ಪೇರೆಂಟ್ಸನ್ನು ಒಬ್ಬೊಬ್ಬರನ್ನಾಗಿ ಕೇಳಿಯೇ ಬಂದಿದ್ದೆ. "ಎನ್ನೆಸ್ಸೆಸ್ ಸೇವೆ ಅನ್ನಿ ಸಾರ್," ಎಂದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. ತುಟಿಯ ಮೂಲೆಯಲ್ಲಿ ನಗು ಬಂತು. "ಹಂಗಾದ್ರೆ ಬ್ಯಾನರ್ ಕಟ್ಕಂಡು ಹೋಗಿ. ಫೋಟೊ ಬೇಕು," ಎಂದರು.

ಶುಕ್ರವಾರ ಮೊದಲ ಬಸ್ಸಿಗೆ ಹೊರಟೆವು. ಕಲ್ಯಾಣದುರ್ಗದಲ್ಲಿ ಇಳಿದು ಕುಂದುರ್ಪಿ ಕಡೆಯ ಜೀಪಿನಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು. ಹೊಲದ ಬದುವಿನಲ್ಲಿ ಯಶೋದಾಳ ಅಜ್ಜಿ ಹನುಮಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

"ಏಂ ಪಾಪಾ, ನೀವೇನಾ ಮುಯ್ಯಿ ಆಳು? ಬನ್ನಿ, ಬನ್ನಿ. ಒಂದು ಮಾತು ಕೇಳ್ತೀನಿ. ಮುಯ್ಯಿ ಅಂದ್ಮ್ಯಾಲೆ ತೀರುಸ್ಬೇಕು. ನಿಮ್ಗೆ ಹೊಲ ಇಲ್ಲ, ಮನೆ ಇಲ್ಲ ಈ ಕಡೆ. ನಾವು ಹೆಂಗಮ್ಮಾ ತೀರ್ಸಾನ?"

ಪದ್ಮಾ ಲಂಗದ ತುದಿ ಸಿಕ್ಕಿಸಿಕೊಳ್ಳುತ್ತಾ ಹೇಳಿದಳು: "ನಾಳೆ ಯಶೋದನ್ನ ಆಡೋಕೆ ಕಳ್ಸಜ್ಜಿ. ಅದೇ ಮುಯ್ಯಿ."

"ಬರೀ ಆಟಕ್ಕಾ?"

"ಆಟಕ್ಕೇ."

ಅಜ್ಜಿ ಸೊಂಟದ ಮೇಲಿನ ಕೈ ತೆಗೆದು, "ಸರಿ, ಒಪ್ದೆ," ಎಂದರು.

ಕೀಳಲು ಶುರುಮಾಡಿದ ಮೇಲೆ ನಮ್ಮ ಬಂಡವಾಳ ಬಯಲಾಯಿತು. ನಮ್ಮವರು ಜೋರಾಗಿ ಎಳೆದರು, ಗಿಡ ಬಂತು, ಅರ್ಧ ಕಾಯಿ ಮಣ್ಣಲ್ಲೇ. "ಅಯ್ಯೋ, ಸೀರೆ ನೂಲು ಕಿತ್ತಂಗೆ ಕೀಳ್ಬ್ಯಾಡ್ರಮ್ಮಾ. ಬುಡಕ್ಕೆ ಕೈ ಹಾಕು. ಒಸಿ ಅಲ್ಲಾಡ್ಸು. ಬಾ ತಾಯಿ ಅಂತ ಕರೀ, ಅದೇ ಬತ್ತದೆ," ಎಂದು ಅಜ್ಜಿ ಒಬ್ಬೊಬ್ಬರ ಕೈ ಹಿಡಿದು ತೋರಿಸಿದರು. ನಾನೂ ಕಿತ್ತೆ. ಸೊಂಟ ನನ್ನದಲ್ಲ ಎನ್ನುವ ಹಾಗಾಯಿತು. ಕಲ್ಯಾಣದುರ್ಗದ ಹುಡುಗಿಯರು ಒಂದು ಸಾಲು ಮುಗಿಸಿ ತಿರುಗಿ ಬಂದು, ನಮ್ಮ ಸಾಲಿನಲ್ಲಿ ಎದುರಿನಿಂದ ಕೀಳುತ್ತಾ ಬಂದು ನಮ್ಮನ್ನು ಕೂಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಪ್ರಿನ್ಸಿಪಾಲರ ಬ್ಯಾನರನ್ನು ಬೇವಿನಮರದ ಕೆಳಗೆ ಹಾಸಿ ಅದರ ಮೇಲೆ ಕೂತು ಮುದ್ದೆ ಉಂಡೆವು. ಫೋಟೊ ತೆಗೆಯುವುದು ಆಮೇಲೆ ನೆನಪಾಯಿತು. ಅಷ್ಟರಲ್ಲಿ ಅದರ ತುಂಬ ಸಾರು.

ಹೊತ್ತು ಮುಳುಗುವ ಮುಂಚೆ ಹೊಲ ಮುಗಿಯಿತು. ಎಲ್ಲರ ಅಂಗೈಯಲ್ಲೂ ಬೊಬ್ಬೆ. "ಕೈ ಹೋದ್ರೆ ಹೋಗ್ಲಿ ಬಿಡ್ರೇ, ಆಡೋದು ಕಾಲಲ್ಲಿ ತಾನೇ," ಎಂದು ಒಬ್ಬಳು ನಗಿಸಿದಳು. ನಸೀಮಾ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ಅವಳು ಗೋಲ್‌ಕೀಪರ್ ಎಂಬುದು ನಮಗಾರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅಜ್ಜಿ ಅವಳ ಅಂಗೈಗೆ ಹರಳೆಣ್ಣೆ ಸವರಿದರು. ಅವತ್ತು ಅಲ್ಲೇ ಉಳಿದೆವು.

ಶನಿವಾರ ಕಲ್ಯಾಣದುರ್ಗದ ಮೈದಾನಕ್ಕೆ ಎರಡು ತಂಡದ ಹುಡುಗಿಯರೂ ಒಂದೇ ಜೀಪಿನಲ್ಲಿ ಬಂದಿಳಿದದ್ದನ್ನು ನೋಡಿ, ರೆಫರಿಯಾಗಿ ಬಂದಿದ್ದ ಪೆನುಕೊಂಡದ ಪಿ.ಡಿ. ಹುಬ್ಬೇರಿಸಿದರು. ಅವರು ಬಹಳ ಶಿಸ್ತಿನ ಮನುಷ್ಯ. ಹನುಮಕ್ಕನೂ ಜೊತೆಗೆ ಬಂದಿದ್ದರು. "ಇವ್ರ ಕೈ ನೋಡ್ದೆ. ಕಾಲೂ ನೋಡ್ಬುಡಾನ ಅಂತ," ಎಂದು ನನ್ನ ಪಕ್ಕ ಕಲ್ಲಿನ ಮೇಲೆ ಕೂತರು.

ಒಳ್ಳೆಯ ಆಟವೇನೂ ಆಗಿರಲಿಲ್ಲ. ಎರಡು ಕಡೆಯವರಿಗೂ ಸೊಂಟ ಹಿಡಿದಿತ್ತು, ಓಡುತ್ತಿದ್ದವರು ಉಳುಮೆ ಮುಗಿಸಿ ಬಂದ ಎತ್ತಿನ ಹಾಗಿದ್ದರು. ಆದರೆ ಪದ್ಮಾ ಮತ್ತು ಯಶೋದಾ ಆಡಿದ್ದನ್ನು ನಾನು ಮರೆಯಲಾರೆ. ಪದ್ಮಾ ಎಡಕ್ಕೆ ಹೋದರೆ ಯಶೋದಾ ಎಡಕ್ಕೆ. ಬಲಕ್ಕೆ ತಿರುಗಿದರೆ ಅಲ್ಲೂ ಅವಳೇ. ಇಷ್ಟು ವರ್ಷ ಒಬ್ಬರ ಕಾಲು ಒಬ್ಬರಿಗೆ ಬಾಯಿಪಾಠವಾಗಿತ್ತು. ಮುಯ್ಯಿ ಅಂತ ಯಶೋದಾ ಒಂದಿಂಚೂ ಬಿಟ್ಟುಕೊಡಲಿಲ್ಲ, ಬಿಟ್ಟುಕೊಟ್ಟಿದ್ದರೆ ಪದ್ಮಾ ಅವಳನ್ನು ಕ್ಷಮಿಸುತ್ತಿರಲಿಲ್ಲ. ಎರಡನೇ ಅರ್ಧದಲ್ಲಿ ಯಶೋದಾ ದೂರದಿಂದ ಒದ್ದ ಚೆಂಡು ನೇರ ನಸೀಮಾಳ ಕೈಗೇ ಬಂತು. ಹಿಡಿದಳು. ಬೊಬ್ಬೆ ಒಡೆದಿರಬೇಕು, ಕೈ ತಾನಾಗಿ ಬಿಚ್ಚಿಕೊಂಡಿತು. ಚೆಂಡು ಜಾರಿ ಒಳಗೆ ಹೋಯಿತು. ನಸೀಮಾ ಅಲ್ಲೇ ಕುಕ್ಕರಿಸಿ ಅತ್ತಳು. ಪದ್ಮಾ ಮೈದಾನದ ಆ ತುದಿಯಿಂದ ಓಡಿ ಬಂದು ಅವಳನ್ನು ಎಬ್ಬಿಸಿ, ಕಣ್ಣೊರೆಸಿ, ಮತ್ತೆ ಓಡಿದಳು. ಕೊನೆಗೆ ಅವಳ ಒಂದು ಹೊಡೆತ ಗೋಲಿನ ಕಂಬಕ್ಕೆ ಬಡಿದು ವಾಪಸು ಬಂತು. ರೆಫರಿ ಗಡಿಯಾರ ನೋಡಿ ಸೀಟಿ ಊದಿದರು.

ಶೀಲ್ಡು ಕಲ್ಯಾಣದುರ್ಗಕ್ಕೆ. ಅವರ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ತಿಪ್ಪೇಸ್ವಾಮಿ ನನ್ನ ಕಡೆ ನೋಡಲಾರದೆ ನೆಲ ನೋಡುತ್ತಿದ್ದರು. ನಮ್ಮವರು ಬ್ಯಾಗು ಎತ್ತಿಕೊಳ್ಳಲು ಬಂದರು. ಪದ್ಮಾ ಮಾತ್ರ ನಡುಗೆರೆಯ ಮೇಲೆ ನಿಂತೇ ಇದ್ದಳು. ಅಳುತ್ತಿರಲಿಲ್ಲ. ಎಲ್ಲಿಗೆ ಹೋಗಬೇಕೋ ಗೊತ್ತಾಗದವಳ ಹಾಗೆ ನಿಂತಿದ್ದಳು.

ಯಶೋದಾ ತಿರುಗಿ ಅವಳನ್ನು ನೋಡಿದಳು. ತನ್ನನ್ನು ತಬ್ಬಿಕೊಂಡಿದ್ದವರಿಂದ ಬಿಡಿಸಿಕೊಂಡು ರೆಫರಿಯ ಹತ್ತಿರ ಹೋಗಿ, "ಸಾರ್, ಚೆಂಡು ಕೊಡಿ," ಎಂದಳು.

"ಮ್ಯಾಚು ಮುಗೀತಲ್ಲಮ್ಮಾ."

"ನಿಮ್ದು ಮುಗೀತು ಸಾರ್. ನಮ್ದು ಇನ್ನೂ ಐತೆ."

ಆ ಶಿಸ್ತಿನ ಮನುಷ್ಯ ಕಂಕುಳಲ್ಲಿದ್ದ ಚೆಂಡನ್ನು ಕೊಟ್ಟುಬಿಟ್ಟರು. ಯಶೋದಾ ಅದನ್ನು ಪದ್ಮಾಳ ಕಾಲ ಬುಡಕ್ಕೆ ಉರುಳಿಸಿ, "ತಗಾ, ಶುರು ಮಾಡು," ಎಂದಳು. ಬ್ಯಾಗು ಎತ್ತಿದ್ದ ನಮ್ಮವರು ಅದನ್ನು ಅಲ್ಲೇ ಬಿಟ್ಟು ಓಡಿದರು. ಅವರ ಹುಡುಗಿಯರೂ ಓಡಿದರು. ರೆಫರಿ ಬಂದು ನನ್ನ ಪಕ್ಕ ಕೂತು ಬೂಟು ಬಿಚ್ಚಿದರು.

ಹನುಮಕ್ಕ ಏನೂ ತಿಳಿಯದೆ ನನ್ನ ತೋಳು ಅಲ್ಲಾಡಿಸಿದರು. "ಗೆದ್ದೋರು ಯಾರು ಅಂತ ಗೊತ್ತಾಯ್ತಲ್ಲ ಕಣಮ್ಮ. ಇನ್ಯಾಕೆ ಆಡ್ತಾವೆ?"

"ನಮ್ಮ ಪದ್ಮಂಗೆ ಇದೇ ಕೊನೆ ಅಜ್ಜಿ. ಆಮ್ಯಾಲೆ ಆಡೋಕೆ ಯಾರೂ ಇರಲ್ಲ."

ಅಜ್ಜಿ ಮೈದಾನದ ಕಡೆ ನೋಡಿದರು. "ಹಂಗಾ," ಎಂದರು. ಎದ್ದಿದ್ದವರು ಮತ್ತೆ ಕೂತು ಸೆರಗು ಹೊದ್ದುಕೊಂಡರು.

ಎಷ್ಟು ಗೋಲಾಯಿತು, ಯಾರು ಹೊಡೆದರು ಎಂದು ಯಾರೂ ಲೆಕ್ಕ ಇಡಲಿಲ್ಲ. ನಸೀಮಾ ಗೋಲು ಬಿಟ್ಟು ಮುಂದೆ ಬಂದು ತಾನೂ ಒದ್ದಳು. ಹಿಂದೂಪುರದ ಬಸ್ಸಿನ ಹೊತ್ತಾಯಿತು ಎಂದು ತಿಪ್ಪೇಸ್ವಾಮಿ ಒಮ್ಮೆ ನೆನಪಿಸಿದರು. ಹೋದರೆ ಹೋಗಲಿ ಎಂದೆ. ಈ ಕೆಲಸಕ್ಕೆ ಬರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಹುಡುಗಿಯರನ್ನು ಆಡಲು ಕರೆತರುವುದು ಕಷ್ಟವಲ್ಲ. ಸಾಕು ಬನ್ನಿ ಎಂದು ಕರೆಯುವ ಹೊತ್ತು ಬರುತ್ತದಲ್ಲ, ಅದು ಕಷ್ಟ. ಅವತ್ತು ನಾನು ಕರೆಯಲಿಲ್ಲ.

ಚೆಂಡು ಕಾಣದಷ್ಟು ಮಬ್ಬಾಯಿತು. ಒಬ್ಬೊಬ್ಬರಾಗಿ ನಿಂತರು. ಕೊನೆಗೆ ಪದ್ಮಾ ತಾನೇ ಚೆಂಡನ್ನು ಎತ್ತಿಕೊಂಡು, ಯಶೋದಾಳ ಹೆಗಲ ಮೇಲೆ ಕೈ ಹಾಕಿಕೊಂಡು ನನ್ನ ಹತ್ತಿರ ಬಂದಳು. ಮುಖದ ತುಂಬ ಧೂಳು, ಬೆವರು.

"ಸಾಕೇನಮ್ಮಾ?" ಎಂದೆ.

"ಸಾಕಾಗ್ಲಿಲ್ಲ ಮೇಡಂ," ಎಂದಳು. ಚೆಂಡನ್ನು ನನ್ನ ಕೈಗೆ ಕೊಟ್ಟಳು. "ಬನ್ನಿ, ಹೋಗಾನ."